ತುಕ್ಕು ಹಿಡಿದ ಯೆಜ್ಡಿ ಟ್ಯಾಂಕಿಗೆ ಮನೆಯಲ್ಲೇ ಬ್ರೇಜಿಂಗ್ ಮಾಡಬಹುದಾ?

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 12, ರಾತ್ರಿ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನಮ್ಮ ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿ ಅಪ್ಪನ ಯೆಜ್ಡಿ ಬೈಕ್ ಹನ್ನೊಂದು ವರ್ಷದಿಂದ ನಿಂತಿತ್ತು. ಅಪ್ಪ ಈಗ ಇಲ್ಲ. ಕುಂಬಳೆ, ಬದಿಯಡ್ಕ, ವಿಟ್ಲ ಎಲ್ಲ ಅದರಲ್ಲೇ ತಿರುಗಿದವರು. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಈ ಮಳೆಗಾಲ ಹಿಡಿಯುವ ಮೊದಲು ಗಾಡಿಯನ್ನು ಒಮ್ಮೆ ರಸ್ತೆಗೆ ಇಳಿಸಬೇಕು ಅಂತ ಆಸೆ.

ಇಂಜಿನ್ ಜಾಮ್ ಆಗಿಲ್ಲ. ಕಿಕ್ಕರ್ ತಿರುಗುತ್ತದೆ, ಸ್ಪಾರ್ಕ್ ಬರುತ್ತದೆ. ತೊಂದರೆ ಇರುವುದು ಟ್ಯಾಂಕಿನಲ್ಲಿ. ಮೊನ್ನೆ ಎರಡು ಲೀಟರ್ ಪೆಟ್ರೋಲ್ ಹಾಕಿಟ್ಟೆ. ಬೆಳಿಗ್ಗೆ ಬಾಗಿಲು ತೆಗೆದರೆ ಕೊಟ್ಟಿಗೆಯೆಲ್ಲ ವಾಸನೆ. ಅಡಿಭಾಗದಲ್ಲಿ, ಪೆಟ್ರೋಲ್ ಬಿಡುವ ನಲ್ಲಿಯಿಂದ, ಅಂದರೆ ಕಾಕಿನಿಂದ, ನಾಲ್ಕು ಬೆರಳು ಹಿಂದೆ, ಸೂಜಿ ಮೊನೆಯಷ್ಟು ಮೂರು ತೂತು. ಸ್ಕ್ರೂಡ್ರೈವರಿನಿಂದ ಮೆಲ್ಲ ಒತ್ತಿದೆ, ಒಂದು ತೂತು ಕಡಲೆಕಾಳಿನಷ್ಟು ದೊಡ್ಡದಾಯಿತು. ಒಳಗೆ ಟಾರ್ಚ್ ಲೈಟ್ ಬಿಟ್ಟರೆ ಕಂದು ಪುಡಿ ಮಾತ್ರ ಕಾಣುತ್ತದೆ.

ನನ್ನ ಭಾವ ಫ್ರಿಜ್, ಎಸಿ ರಿಪೇರಿ ಮಾಡುವವರು. ಅವರ ಹತ್ತಿರ ಸಣ್ಣ ಆಕ್ಸಿಜನ್ ಮತ್ತು ಗ್ಯಾಸಿನ ಸೆಟ್ ಉಂಟು. ತಾಮ್ರದ ಪೈಪಿಗೆ ದಿನಾ ಬೆಸುಗೆ ಹಾಕುವ ಕೈ. ಭಾನುವಾರ ಬಂದು ಬ್ರೇಜಿಂಗ್, ಅಂದರೆ ತಗಡನ್ನು ಕರಗಿಸದೆ ಕಡ್ಡಿ ಮಾತ್ರ ಕರಗಿಸುವ ಬೆಸುಗೆ, ಹಾಕಿ ಕೊಡುತ್ತೇನೆ ಅಂದಿದ್ದಾರೆ. ಟ್ಯಾಂಕನ್ನು ಸಾಬೂನು ನೀರಿನಲ್ಲಿ ಒಮ್ಮೆ ತೊಳೆದರೆ ಸಾಕಾ?

ಬಾಯಾರಿನ ಕೃಷಿಕ · ಏಪ್ರಿಲ್ 12, ರಾತ್ರಿ

ಇಷ್ಟಕ್ಕೆ ಬೆಂಕಿ ಯಾಕೆ ಮಾರಾಯ್ರೆ? ನನ್ನ ಸ್ಪ್ರೇಯರಿನ ಟ್ಯಾಂಕ್ ಸೋರಿದಾಗ ಎಂಸೀಲ್ ಮೆತ್ತಿದ್ದೆ. ಒಂದು ಮಳೆಗಾಲ ಪೂರ್ತಿ ತೋಟಕ್ಕೆ ಮದ್ದು ಬಿಟ್ಟಿದ್ದೇನೆ.

ಇನ್ನೊಂದು ವಿಷಯ. ಗಾಡಿ ನಿಂತ ಕೊಟ್ಟಿಗೆಯಲ್ಲಿ ಮೈಲುತುತ್ತಿನ ಚೀಲ ಇತ್ತಾ? ನಮ್ಮಲ್ಲಿ ಅದನ್ನಿಟ್ಟ ಮೂಲೆಯಲ್ಲಿ ಕತ್ತಿ, ಹಾರೆ, ಬಾಗಿಲಿನ ತಿರುಗಣೆ ಏನೂ ಉಳಿಯುವುದಿಲ್ಲ.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 12, ರಾತ್ರಿ

ಇತ್ತು! ಗಾಡಿಯ ಪಕ್ಕದಲ್ಲೇ. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಕಲಸುವ ಡ್ರಮ್ಮೂ ಅಲ್ಲೇ ಇತ್ತು.

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 13, ಬೆಳಿಗ್ಗೆ

ತಮ್ಮಾ, ಭಾನುವಾರದ ಕೆಲಸವನ್ನು ದಯವಿಟ್ಟು ಮುಂದೆ ಹಾಕು. ಭಾವನಿಗೂ ಇದನ್ನು ಓದಿ ಹೇಳು.

ನಾನು 34 ವರ್ಷ ಗ್ಯಾಸ್ ವೆಲ್ಡಿಂಗ್ ಮಾಡಿದವನು. ಕಲಿಯುತ್ತಿದ್ದ ದಿನಗಳಲ್ಲಿ ಒಂದು ವರ್ಕ್‌ಶಾಪಿಗೆ ಖಾಲಿ ಬ್ಯಾರೆಲ್ ತಂದರು, ಅರ್ಧಕ್ಕೆ ಕತ್ತರಿಸಿ ಕೊಡಿ ಅಂತ. ಮುಚ್ಚಳ ಇಲ್ಲದೆ ಆರು ತಿಂಗಳು ಬಿಸಿಲಲ್ಲಿ ಬಿದ್ದಿದ್ದ ಬ್ಯಾರೆಲ್. ಮೂಗಿಟ್ಟು ನೋಡಿದರೂ ವಾಸನೆ ಇರಲಿಲ್ಲ. ಗ್ಯಾಸ್ ಟಾರ್ಚಿನ ಉರಿ ತಾಗಿಸಿ ಹತ್ತು ಎಣಿಸುವಷ್ಟರಲ್ಲಿ ತಳ ಹಾರಿ ಹೋಯಿತು. ಹಿಡಿದುಕೊಂಡವನ ಮೊಣಕಾಲು ಮುರಿಯಿತು. ಅವನು ಮತ್ತೆ ನೆಟ್ಟಗೆ ನಡೆಯಲಿಲ್ಲ. ಅವನ ವಯಸ್ಸು ಆಗ ಹತ್ತೊಂಬತ್ತು. ನನ್ನದೂ ಅಷ್ಟೇ.

ವಾಸನೆ ಇಲ್ಲ ಅಂದರೆ ಒಳಗೆ ಏನೂ ಇಲ್ಲ ಅಂತ ಅಲ್ಲ. ತುಕ್ಕಿನ ಪದರದ ಅಡಿಯಲ್ಲಿ, ಜೋಡಣೆಯ ಮಡಿಕೆಯಲ್ಲಿ ಎಣ್ಣೆ ಕೂತಿರುತ್ತದೆ. ತಣ್ಣಗಿರುವಾಗ ಸುಮ್ನೆ ಇರುತ್ತದೆ. ಬಿಸಿ ತಾಗಿದ ಕೂಡಲೇ ಆವಿಯಾಗುತ್ತದೆ. ನಿನ್ನದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಿದ್ದು. ಪೆಟ್ರೋಲ್ ಹಾರಿ ಹೋಗಿರಬಹುದು, ಆಯಿಲ್ ಹೋಗುವುದಿಲ್ಲ. ಹಾಗಾಗಿ ನಿನ್ನ ಟ್ಯಾಂಕ್ ಬೇರೆ ಟ್ಯಾಂಕಿಗಿಂತ ಜಾಸ್ತಿ ತೊಳೆಯಬೇಕಾದ ಟ್ಯಾಂಕ್.

ಬೆಸುಗೆ ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಮೂರು ದಿನದ ಕೆಲಸ ಉಂಟು. ಆ ಮೂರು ದಿನ ನೀನು ಮನೆಯಲ್ಲೇ ಮಾಡಬಹುದು, ನೀನೇ ಮಾಡುವುದು ಒಳ್ಳೆಯದು ಕೂಡ. ಸರಿಯಾಗಿ ಮಾಡಿದ್ದೀಯಾ ಅಂತ ನಿನಗೇ ಗೊತ್ತಿರುತ್ತದೆ.

ಪೆರ್ಲದ ಕೆಮಿಸ್ಟ್ರಿ ಟೀಚರ್ · ಏಪ್ರಿಲ್ 13, ಮಧ್ಯಾಹ್ನ

ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ನಾನು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸುವವಳು.

ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಇದ್ದಾಗ ಮಾತ್ರ ಸ್ಫೋಟಿಸುತ್ತದೆ. ಕಡಿಮೆ ಇದ್ದರೆ ಉರಿಯುವುದಿಲ್ಲ, ಜಾಸ್ತಿ ಇದ್ದರೆ ಉರಿಯಲು ಗಾಳಿ ಸಾಲುವುದಿಲ್ಲ. ಟ್ಯಾಂಕು 14 ಲೀಟರಿನದು ಅಂತ ಇಟ್ಟುಕೊಳ್ಳಿ. ಅದರೊಳಗೆ 2 ಶೇಕಡಾ ಆವಿ ತುಂಬಲು ಎಷ್ಟು ಪೆಟ್ರೋಲ್ ಬೇಕು ಗೊತ್ತಾ? ಸುಮಾರು ಒಂದೂವರೆ ಮಿಲಿ. ಟೀ ಚಮಚದ ಮೂರನೇ ಒಂದು ಪಾಲು. ಪೂರಾ ಒಂದು ಚಮಚ, ಅಂದರೆ 5 ಮಿಲಿ ಉಳಿದರೂ ಆವಿ 6.5 ಶೇಕಡಾದ ಹತ್ತಿರ ಬರುತ್ತದೆ. ಅದೂ ಸ್ಫೋಟದ ಮಿತಿಯೊಳಗೇ ಇದೆ. ಚೆನ್ನಾಗಿ ಬಗ್ಗಿಸಿ ಖಾಲಿ ಮಾಡಿದೆ ಅನ್ನುವ ಟ್ಯಾಂಕಿನ ಸಂದಿಯಲ್ಲಿ ಒಂದು ಚಮಚ ಉಳಿಯುವುದು ಏನೂ ಕಷ್ಟವಲ್ಲ, ಅಲ್ವಾ?

ಪೆಟ್ರೋಲಿನಿಂದ ಸುಮಾರು ಮೈನಸ್ 40 ಡಿಗ್ರಿಯಲ್ಲೂ ಉರಿಯುವಷ್ಟು ಆವಿ ಏಳುತ್ತದೆ. ನಮ್ಮ ಊರಿನ ಏಪ್ರಿಲ್ ಸೆಕೆ ಹೇಗಿದೆ ಅಂತ ನಿಮಗೇ ಗೊತ್ತು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಾಯಿ ತೆರೆದಿಟ್ಟರೆ ಹಾರಿ ಹೋಗುತ್ತದೆ ಅಂತ ನಂಬಬೇಡಿ. ಬಾವಿಯ ತಳದ ನೀರಿನ ಹಾಗೆ ಅಡಿಯಲ್ಲೇ ಕೂತಿರುತ್ತದೆ.

ಮೈಲುತುತ್ತಿನ ವಿಷಯವೂ ಸರಿ. ಅದು ತಾಮ್ರದ ಸಲ್ಫೇಟ್. ತೇವದ ಜೊತೆ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಕಬ್ಬಿಣದ ಮೊಳೆಯನ್ನು ಆ ನೀಲಿ ನೀರಿಗೆ ಹಾಕಿ ಎಂಟನೆಯ ಕ್ಲಾಸಿನ ಮಕ್ಕಳಿಗೆ ತೋರಿಸುತ್ತೇವೆ. ಹೊರಗಿನಿಂದ ಅದು, ಒಳಗಿನಿಂದ ನೀರು. ಪೆಟ್ರೋಲಿಗಿಂತ ನೀರು ಭಾರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ತೂತು ತಳದಲ್ಲೇ ಬಿದ್ದದ್ದು ಅದಕ್ಕೇ.

ಹೊಸಂಗಡಿಯ ಹುಡುಗ · ಏಪ್ರಿಲ್ 13, ಸಂಜೆ

ಇನ್ನೊಂದು ಗಾಡಿಯ ಸೈಲೆನ್ಸರಿನಿಂದ ಪೈಪ್ ಎಳೆದು ಟ್ಯಾಂಕಿನ ಒಳಗೆ ಹೊಗೆ ಬಿಟ್ಟರೆ ಆಮ್ಲಜನಕ ಹೋಗಿ ಬೆಂಕಿ ಹಿಡಿಯುವುದಿಲ್ಲ ಅಂತ ವಿಡಿಯೋದಲ್ಲಿ ನೋಡಿದೆ. ಅದು ಸುಲಭ ಅಲ್ವಾ ಅಣ್ಣ? ಮತ್ತೆ ಅಡುಗೆ ಗ್ಯಾಸಿನ ಸಿಲಿಂಡರಿಗೆ ಟಾರ್ಚ್ ಕೂರಿಸಿದರೆ ಬ್ರೇಜಿಂಗ್ ಆಗುತ್ತದಾ?

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 13, ರಾತ್ರಿ

ಎರಡೂ ಬೇಡ ಮಗಾ.

ಸೈಲೆನ್ಸರಿನ ಹೊಗೆಯಲ್ಲಿ ಉರಿಯದ ಪೆಟ್ರೋಲ್ ಇರುತ್ತದೆ, ಗಾಳಿಯೂ ಉಳಿದಿರುತ್ತದೆ, ಒಮ್ಮೊಮ್ಮೆ ಕಿಡಿಯೂ ಬರುತ್ತದೆ. ಒಳಗೆ ಗಾಳಿ ಎಷ್ಟು ಉಳಿಯಿತು ಅಂತ ನೋಡಲು ನಿನ್ನ ಹತ್ತಿರ ಮೀಟರ್ ಇದೆಯಾ? ಇಲ್ಲ. ನೀರು ಹಾಗಲ್ಲ. ನೀರು ತುಂಬಿದ ಜಾಗದಲ್ಲಿ ಆವಿಗೆ ಜಾಗವೇ ಇಲ್ಲ. ಕಣ್ಣಿಗೆ ಕಾಣುತ್ತದೆ. ನಾನು ಜೀವಮಾನ ಇಡೀ ನೀರನ್ನೇ ನಂಬಿದವನು.

ಅಡುಗೆ ಸಿಲಿಂಡರ್ ಅಡುಗೆಗೆ ಮಾತ್ರ. ರೂಲೂ ಅದೇ ಹೇಳುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ಕೈಯಲ್ಲಿ ಹಿಡಿಯುವ ಚಿಕ್ಕ ಬ್ಯೂಟೇನ್ ಟಾರ್ಚಿನಲ್ಲೂ ಹಿತ್ತಾಳೆ ಹರಿಯುವುದಿಲ್ಲ. ಟ್ಯಾಂಕಿನ ತಗಡು ಅಗಲ, ಬಿಸಿಯನ್ನು ನಾಲ್ಕೂ ಕಡೆ ಎಳೆದುಕೊಂಡು ಹೋಗುತ್ತದೆ.

ಮುಳ್ಳೇರಿಯದ ಜೀಪ್ · ಏಪ್ರಿಲ್ 14, ಬೆಳಿಗ್ಗೆ

ಬೇಸರ ಮಾಡಬೇಡಿ, ನನಗೆ ಅನಿಸಿದ್ದು ಹೇಳುತ್ತೇನೆ. ನನ್ನ ಜೀಪಿನ ಟ್ಯಾಂಕಿಗೆ ಮೂರು ವರ್ಷದಲ್ಲಿ ನಾಲ್ಕು ಸಲ ಬೆಸುಗೆ ಹಾಕಿಸಿದೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು. ಕೊನೆಗೆ ಹೊಸ ಟ್ಯಾಂಕೇ ಹಾಕಿಸಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆಯುತ್ತದೆ. ನೀರು ಜಾಸ್ತಿ ಆದರೆ ಎಥನಾಲ್ ಸಮೇತ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತೇವಕ್ಕೆ ಬರವಾ? ತುಕ್ಕು ತಿಂದ ತಗಡಿಗೆ ದುಡ್ಡು ಸುರಿಯುವುದಕ್ಕಿಂತ ಬೇರೆ ಟ್ಯಾಂಕ್ ಹುಡುಕುವುದು ಒಳ್ಳೆಯದು.

ಬಾಯಾರಿನವರಿಗೂ ಒಂದು ಮಾತು. ಎಂಸೀಲ್ ಕೂಡ ಈ ಪೆಟ್ರೋಲಿಗೆ ನಿಧಾನಕ್ಕೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಬಿಸಿ ಇಂಜಿನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಯೋಚಿಸಿ.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 14, ರಾತ್ರಿ

ನಿಮ್ಮ ಮಾತು ಅರ್ಥ ಆಯಿತು ಅಣ್ಣ. ಬೇರೆ ಟ್ಯಾಂಕ್ ಸಿಗಲೂಬಹುದು. ಆದರೆ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಸಿಗುವುದು ಇನ್ನೊಬ್ಬರ ಹಳೆ ಟ್ಯಾಂಕ್, ಇಲ್ಲವೇ ಯಾರೋ ಮಾಡಿದ ನಕಲು. ಈ ಟ್ಯಾಂಕಿನ ಎರಡೂ ಬದಿಯಲ್ಲಿ ಅಪ್ಪನ ಮೊಣಕಾಲು ತಾಗಿ ಬಣ್ಣ ಸವೆದ ಗುರುತು ಉಂಟು. ಅದಕ್ಕೇ ಇದನ್ನು ಬಿಡಲು ಮನಸ್ಸು ಬರುತ್ತಿಲ್ಲ.

ಭಾವನ ಜೊತೆ ಮಾತಾಡಿದೆ. ಭಾನುವಾರದ ಕೆಲಸ ನಿಲ್ಲಿಸಿದ್ದೇವೆ. ತೊಳೆಯುವುದು ಹೇಗೆ ಅಂತ ಹೇಳಿಕೊಡಿ.

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 15, ಬೆಳಿಗ್ಗೆ

ಒಳ್ಳೆಯದಾಯಿತು.

ಮೊದಲು ಮುಚ್ಚಳ, ಕಾಕ್, ಜಾಲರಿ ಎಲ್ಲ ಬಿಚ್ಚು. ಉಳಿದ ಪೆಟ್ರೋಲನ್ನು ಅಂಗಳದಲ್ಲಿ ಕ್ಯಾನಿಗೆ ಬಗ್ಗಿಸು. ಬಚ್ಚಲ ಒಲೆಯಲ್ಲಿ ಬೆಂಕಿ ಇರುವಾಗ ಹತ್ತಿರ ಸುಳಿಯಬೇಡ. ಆಮೇಲೆ ಒಂದು ಹಿಡಿ ನಟ್ಟು ಅಥವಾ ಒಂದು ಮಾರು ಸರಪಳಿ ಒಳಗೆ ಹಾಕಿ, ಸಾಬೂನು ನೀರು ಅರ್ಧ ತುಂಬಿಸಿ, ಚೆನ್ನಾಗಿ ಕುಲುಕು. ಸಡಿಲ ತುಕ್ಕು ಉದುರುತ್ತದೆ. ಎಷ್ಟು ತುಂಡು ಹಾಕಿದ್ದು ಅಂತ ಎಣಿಸಿಟ್ಟುಕೋ, ಅಷ್ಟನ್ನೂ ಹೊರಗೆ ತೆಗೆ.

ಬಚ್ಚಲ ಹಂಡೆಯ ನೀರನ್ನು ಚೆನ್ನಾಗಿ ಕಾಯಿಸಿ, ಬೆಂಕಿ ಪೂರ್ತಿ ಆರಿಸಿ, ಬಿಸಿ ನೀರನ್ನು ಅಂಗಳಕ್ಕೆ ತಂದು ಟ್ಯಾಂಕಿಗೆ ಹೊಯ್ಯಬೇಕು. ವಾಷಿಂಗ್ ಸೋಡಾ ನಾಲ್ಕು ಚಮಚ, ಬಟ್ಟೆ ಸೋಪಿನ ಪುಡಿ ಎರಡು ಚಮಚ. ಕೈಗೆ ರಬ್ಬರ್ ಗ್ಲೌಸ್. ಒಂದು ಗಂಟೆ ಬಿಟ್ಟು, ಕುಲುಕಿ ಚೆಲ್ಲು. ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಪದರ ಕಾಣುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡು. ಮೂರು ಸಲಕ್ಕೆ ಮುಗಿದರೆ ನಿನ್ನ ಅದೃಷ್ಟ. ಕೊನೆಯ ಸಲ ಬಾಯಿಯವರೆಗೆ ತುಂಬಿಸಿ ಉಕ್ಕಿಸು. ಮೇಲೆ ತೇಲುವುದೆಲ್ಲ ಹೊರಗೆ ಹೋಗಲಿ.

ತೊಳೆಯುವ ಮೊದಲು ಗ್ರೈಂಡರ್ ಹಿಡಿಯಲೇಬೇಡ. ಗ್ರೈಂಡರಿನ ಕಿಡಿಯೂ ಬೆಂಕಿಯೇ.

ಬಾಯಾರಿನ ಕೃಷಿಕ · ಏಪ್ರಿಲ್ 15, ಮಧ್ಯಾಹ್ನ

ತೊಳೆದ ನೀರು ಎಲ್ಲಿಗೆ ಚೆಲ್ಲುತ್ತೀರಿ ಅಂತಲೂ ನೋಡಿಕೊಳ್ಳಿ. ನಮ್ಮದು ಮುರಕಲ್ಲಿನ ಗುಡ್ಡ. ಮೇಲೆ ಹೊಯ್ದದ್ದು ಕೆಳಗೆ ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗದ ನೀರಿನಲ್ಲಿ ಬರುತ್ತದೆ. ನಮ್ಮ ಮನೆಗೆ ಕುಡಿಯಲು ಸುರಂಗದ ನೀರೇ. ಪೆಟ್ರೋಲ್ ಮತ್ತು ಎಣ್ಣೆ ಪದರ ಇರುವ ಮೊದಲಿನ ನೀರನ್ನು ಕ್ಯಾನಿನಲ್ಲಿ ಹಿಡಿದಿಡಿ, ಮಣ್ಣಿಗೆ ಬಿಡಬೇಡಿ.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 18, ರಾತ್ರಿ

ಐದು ಸಲ ತೊಳೆದೆ. ನಾಲ್ಕನೆಯ ಸಲವೂ ಎಣ್ಣೆ ಬಂತು, ಅದೂ ನನಗೆ ಪೂರ್ತಿ ಕ್ಲೀನ್ ಆಯಿತು ಅನಿಸಿದ ಮೇಲೆ! ಮೊದಲ ಎರಡು ಸಲದ ನೀರು ಕ್ಯಾನಿನಲ್ಲಿದೆ. ನಟ್ಟು 22 ಹಾಕಿದ್ದೆ, 22 ಸಿಕ್ಕಿತು. ಎರಡು ಬೊಗಸೆಯಷ್ಟು ತುಕ್ಕು ಉದುರಿತು.

ಈಗ ಒಳಗೆ ಗಟ್ಟಿಯಾಗಿ ಹಿಡಿದ ತುಕ್ಕು ಉಳಿದಿದೆ. ನಮ್ಮಲ್ಲಿ ರಬ್ಬರ್ ಹಾಲು ಹೆಪ್ಪು ಹಾಕುವ ಫಾರ್ಮಿಕ್ ಆಸಿಡ್ ಉಂಟು. ಅದನ್ನು ಹಾಕಬಹುದಾ ಟೀಚರ್?

ಪೆರ್ಲದ ಕೆಮಿಸ್ಟ್ರಿ ಟೀಚರ್ · ಏಪ್ರಿಲ್ 18, ರಾತ್ರಿ

ಫಾರ್ಮಿಕ್ ಆಸಿಡ್ ತುಕ್ಕು ಕರಗಿಸುತ್ತದೆ, ನಿಜ. ಆದರೆ ಅದು ಚರ್ಮ ಸುಡುತ್ತದೆ, ಆವಿ ಕಣ್ಣಿಗೆ ಕೆಟ್ಟದ್ದು, ಒಳ್ಳೆಯ ಕಬ್ಬಿಣವನ್ನೂ ಬಿಡುವುದಿಲ್ಲ. ಕುಲುಕುವ ಕೆಲಸಕ್ಕೆ ಅದು ಬೇಡ.

ಸಿಟ್ರಿಕ್ ಆಸಿಡ್ ತನ್ನಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಪುಡಿ ಸಿಗುತ್ತದೆ. ಲೀಟರ್ ಬಿಸಿ ನೀರಿಗೆ 50 ಗ್ರಾಂ ಸಾಕು. ತೂತುಗಳಿಗೆ ಹೊರಗಿನಿಂದ ತಾತ್ಕಾಲಿಕವಾಗಿ ಎಂಸೀಲ್ ಮೆತ್ತಿ, ಬಾಯಿಯವರೆಗೆ ತುಂಬಿಸಿ, ಒಂದು ರಾತ್ರಿ ಬಿಡಿ. ಬಾಯಾರಿನ ಅಣ್ಣನ ಉಪಾಯ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಮುಚ್ಚಳ ಹಾಕಬೇಡಿ. ಆಸಿಡ್ ಕಬ್ಬಿಣಕ್ಕೆ ತಾಗಿದಾಗ ಹೈಡ್ರೋಜನ್ ಬರುತ್ತದೆ, ಅದೂ ಹೊತ್ತಿ ಉರಿಯುವ ಅನಿಲ.

ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕೂಡಲೇ ಒಣಗಿಸಿ. ಶುದ್ಧ ಕಬ್ಬಿಣಕ್ಕೆ ನಮ್ಮ ಗಾಳಿ ತಾಗಿದರೆ ಅರ್ಧ ಗಂಟೆಯಲ್ಲೇ ಕೇಸರಿ ಬಣ್ಣ ಬರುತ್ತದೆ.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 20, ಸಂಜೆ

ಆಯಿತು. ಒಳಗೆ ಬೂದು ಬಣ್ಣದ ಕಬ್ಬಿಣ ಕಾಣುತ್ತದೆ. ಅಮ್ಮನ ಹೇರ್ ಡ್ರೈಯರಿನಲ್ಲಿ ಒಣಗಿಸಿದೆ.

ಎಂಸೀಲ್ ಕೆರೆದು, ಕತ್ತಲೆ ಕೋಣೆಯಲ್ಲಿ ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಮೂರು ತೂತು ಅಂದುಕೊಂಡಿದ್ದೆ. ಹದಿನಾಲ್ಕು ಇವೆ. ನಕ್ಷತ್ರದ ಹಾಗೆ ಒಟ್ಟಿಗೆ ಕಂಡವು. ಎಲ್ಲವೂ ಒಂದು ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ. ಅದರ ಸುತ್ತ ಬೆರಳಿನಿಂದ ಒತ್ತಿದರೆ ತಗಡು ಟಕ್ ಟಕ್ ಅನ್ನುತ್ತದೆ. ಬೇರೆ ಕಡೆ ಗಟ್ಟಿ ಇದೆ.

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 20, ರಾತ್ರಿ

ಮುಳ್ಳೇರಿಯದವರ ಜೀಪಿಗೆ ನಾಲ್ಕು ಸಲ ಆದದ್ದು ಇದೇ. ಕಣ್ಣಿಗೆ ಕಂಡ ತೂತನ್ನು ಮಾತ್ರ ಮುಚ್ಚಿದರು. ಸುತ್ತಲಿನ ತಗಡು ಕಾಗದವಾಗಿತ್ತು.

ನೀನು ಹಾಗೆ ಮಾಡಬೇಡ. ಟಕ್ ಟಕ್ ಅನ್ನುವ ಜಾಗವನ್ನು ಪೂರ್ತಿ ತಗಡು ಕತ್ತರಿಯಲ್ಲಿ ಕತ್ತರಿಸಿ ತೆಗೆ. ಮೂಲೆಗಳನ್ನು ದುಂಡಗೆ ಮಾಡು, ಚೂಪು ಮೂಲೆಯಲ್ಲಿ ಮುಂದೆ ಬಿರುಕು ಬರುತ್ತದೆ. ಒಂದು ಮಿಲಿಮೀಟರ್ ಕಬ್ಬಿಣದ ತಗಡಿನಲ್ಲಿ ತೇಪೆ ಮಾಡು. ತೂತಿಗಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಿರಲಿ. ಮರದ ಕೊಡತಿಯಿಂದ ಬಡಿದು ಟ್ಯಾಂಕಿನ ಉಬ್ಬಿಗೆ ಸರಿ ಕೂರಿಸು. ಎರಡರ ನಡುವೆ ಕಾಗದ ತೂರದಷ್ಟು ಹತ್ತಿರ ಬರಬೇಕು. ಎರಡೂ ಕಡೆ ಎಮರಿ ಪೇಪರಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವವರೆಗೆ ತಿಕ್ಕು. ಆಮೇಲೆ ಬರಿ ಬೆರಳು ತಾಗಿಸಬೇಡ. ಬೆರಳಿನ ಜಿಡ್ಡಿಗೂ ಬೆಸುಗೆ ಹಿಡಿಯುವುದಿಲ್ಲ.

ಯಾಕೆ ವೆಲ್ಡಿಂಗ್ ಅಲ್ಲ, ಬ್ರೇಜಿಂಗ್ ಅಂತ ಕೇಳುವವರಿಗೆ: ವೆಲ್ಡಿಂಗಿನಲ್ಲಿ ಟ್ಯಾಂಕಿನ ತಗಡೇ ಕರಗಬೇಕು, ಅಂದರೆ 1,500 ಡಿಗ್ರಿಯ ಹತ್ತಿರ. ತುಕ್ಕು ತಿಂದ ತಗಡು ಅಷ್ಟು ತಡೆಯುವುದಿಲ್ಲ, ತೂತು ದೊಡ್ಡದಾಗುತ್ತಾ ಹೋಗುತ್ತದೆ. ಬ್ರೇಜಿಂಗಿನಲ್ಲಿ ಕರಗುವುದು ಕಡ್ಡಿ ಮಾತ್ರ. ಹಿತ್ತಾಳೆ ಕಡ್ಡಿ 900 ಡಿಗ್ರಿಯ ಸುಮಾರಿಗೆ, ಬೆಳ್ಳಿ ಕಡ್ಡಿ 650ರಿಂದ 700ರ ಹತ್ತಿರ.

ಭಾವ ಯಾವ ಕಡ್ಡಿ ತರುತ್ತಾನೆ ಅಂತ ಕೇಳಿ ಹೇಳು.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 21, ಬೆಳಿಗ್ಗೆ

ತಾಮ್ರದ ಪೈಪಿಗೆ ಹಾಕುವ ಚಪ್ಪಟೆ ಕಡ್ಡಿ. ಅದಕ್ಕೆ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಕೂಡ ಬೇಡವಂತೆ.

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 21, ಬೆಳಿಗ್ಗೆ

ಕೇಳಿದ್ದು ಒಳ್ಳೆಯದಾಯಿತು. ಅದು ಆಗುವುದಿಲ್ಲ. ಆ ಕಡ್ಡಿಯಲ್ಲಿ ತಾಮ್ರದ ಜೊತೆ ರಂಜಕ ಇರುತ್ತದೆ. ತಾಮ್ರಕ್ಕೆ ತಾಮ್ರ ಕೂಡಿಸಲು ಅದು ಚೆನ್ನ. ಕಬ್ಬಿಣಕ್ಕೆ ಹಾಕಿದರೆ ರಂಜಕ ಕಬ್ಬಿಣದ ಜೊತೆ ಸೇರಿ ಗಾಜಿನಂಥ ಪದರ ಆಗುತ್ತದೆ. ನೋಡಲು ಚಂದ ಕೂರುತ್ತದೆ, ಗಾಡಿ ನಡುಗಿದ ಕೂಡಲೇ ಬಿರುಕು ಬಿಡುತ್ತದೆ.

ಕಂಪ್ರೆಸರಿನ ಕಬ್ಬಿಣದ ಪೈಪಿಗೆ ತಾಮ್ರ ಕೂಡಿಸುವಾಗ ಭಾವ ಬೇರೆ ಕಡ್ಡಿ ಹಾಕುತ್ತಾನೆ ಅಲ್ವಾ? ಬೆಳ್ಳಿ ಇರುವ ಕಡ್ಡಿ, ಬಿಳಿ ಫ್ಲಕ್ಸ್ ಹಚ್ಚಿ. ಅದೇ ಬೇಕು. ಕ್ಯಾಡ್ಮಿಯಂ ಇಲ್ಲದ ಕಡ್ಡಿ ಅಂತ ನೋಡಿ ತರಲಿ, ಕ್ಯಾಡ್ಮಿಯಮ್ಮಿನ ಹೊಗೆ ಶ್ವಾಸಕ್ಕೆ ವಿಷ. ಬೆಲೆ ಜಾಸ್ತಿ, ಆದರೆ ಒಂದೆರಡು ಕಡ್ಡಿ ಸಾಕು. ಹಿತ್ತಾಳೆ ಆದರೆ ಬಿಳಿಗಾರದ ಫ್ಲಕ್ಸ್ ಬೇಕು, ಬಿಸಿಯೂ ಜಾಸ್ತಿ ಬೇಕು, ಟ್ಯಾಂಕಿನ ಬದಿಯ ಬಣ್ಣ ಉಳಿಯುವುದಿಲ್ಲ. ನಿನಗೆ ಆ ಬಣ್ಣ ಮುಖ್ಯ.

ಈಗ ನೀರಿನ ವಿಷಯ. ಟ್ಯಾಂಕನ್ನು ಮಗುಚಿ ಹಾಕಿ ಮರಳಿನ ಚೀಲದ ಮೇಲೆ ಕೂರಿಸು. ಪೆಟ್ರೋಲ್ ಹಾಕುವ ಬಾಯಿಗೆ ರಬ್ಬರ್ ಬಿರಡೆ ಬಿಗಿ. ಕಾಕಿನ ತೂತು ಈಗ ಮೇಲೆ ಬಂತು. ಅಲ್ಲಿಂದ ನೀರು ತುಂಬಿಸು. ಬೆಸುಗೆ ಹಾಕುವ ಜಾಗದಿಂದ ಎರಡು ಬೆರಳು ಕೆಳಗೆ ನೀರು ನಿಲ್ಲಬೇಕು. ತಗಡಿಗೆ ತಾಗಿದರೆ ನೀರು ಬಿಸಿಯನ್ನೆಲ್ಲ ಕುಡಿಯುತ್ತದೆ, ಕಡ್ಡಿ ಹರಿಯುವುದೇ ಇಲ್ಲ. ಕಾಕಿನ ತೂತನ್ನು ಮಾತ್ರ ಮುಚ್ಚಬೇಡಿ. ಹಬೆ ಹೊರಗೆ ಹೋಗಲು ದಾರಿ ಬೇಕು. ಆ ತೂತಿನ ಎದುರು ಯಾರೂ ನಿಲ್ಲಬಾರದು. ಟ್ಯಾಂಕಿನ ಬದಿಗೆ ಒದ್ದೆ ಗೋಣಿ ಸುತ್ತು. ಮಕ್ಕಳು ಅಂಗಳದಲ್ಲಿ ಬೇಡ.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 26, ರಾತ್ರಿ

ಇವತ್ತು ಬೆಸುಗೆ ಹಾಕಿದೆವು!

ಬೆಳಿಗ್ಗೆ ಇನ್ನೊಮ್ಮೆ ಬಿಸಿ ಸೋಡಾ ನೀರಿನಲ್ಲಿ ತೊಳೆದೆ. ಕತ್ತರಿಸಿದ ತೂತು 5 ಸೆಂಟಿಮೀಟರ್ ಉದ್ದ, 3 ಅಗಲ. ತೇಪೆ ಕೂರಿಸಲು ಮಾತ್ರ ಎರಡು ಗಂಟೆ ಹಿಡಿಯಿತು. ಮೂರು ತುಂಡು ಹಾಳಾಗಿ ನಾಲ್ಕನೆಯದು ಸರಿ ಕೂತಿತು.

ಭಾವ ಮೊದಲು ಹಳೆ ತಗಡಿನ ಎರಡು ತುಂಡು ಕೂಡಿಸಿ ಅಭ್ಯಾಸ ಮಾಡಿದರು. ತಾಮ್ರಕ್ಕಿಂತ ಕಬ್ಬಿಣದಲ್ಲಿ ಬಿಸಿ ಹರಡುವುದು ನಿಧಾನ, ಒಂದೇ ಕಡೆ ಕೆಂಪಾಗುತ್ತದೆ ಅಂದರು. ಆಮೇಲೆ ಟ್ಯಾಂಕ್. ಫ್ಲಕ್ಸ್ ಹಚ್ಚಿ, ನಾಲ್ಕು ಮೂಲೆಯಲ್ಲಿ ಒಂದೊಂದು ಚುಕ್ಕೆ ಹಾಕಿ ಹಿಡಿಸಿದರು. ಟಾರ್ಚನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇದ್ದರು. ಫ್ಲಕ್ಸ್ ಮೊದಲು ನೊರೆ ಬಂತು, ಆಮೇಲೆ ಬಿಳಿ ಪುಡಿ ಆಯಿತು, ಕೊನೆಗೆ ನೀರಿನಂತೆ ತಿಳಿಯಾಯಿತು. ತಗಡು ಮಂದ ಕೆಂಪು. ಆಗ ಕಡ್ಡಿಯನ್ನು ಬೆಂಕಿಗೆ ಹಿಡಿಯದೆ ತಗಡಿಗೇ ತಾಗಿಸಿದರು. ಹಂಚಿನ ಸಂದಿಗೆ ಮಳೆನೀರು ಇಳಿದ ಹಾಗೆ ಬೆಳ್ಳಿ ಸರ್ರನೆ ತೇಪೆಯ ಅಡಿಗೆ ಎಳೆದುಕೊಂಡು ಹೋಯಿತು. ನಾನು ಅಂಥದ್ದನ್ನು ಈವರೆಗೆ ನೋಡಿರಲಿಲ್ಲ. ಕಾಕಿನ ತೂತಿನಿಂದ ಸಣ್ಣಗೆ ಹಬೆ ಬರುತ್ತಿತ್ತು, ಅಷ್ಟೇ.

ಎಲ್ಲ ಸೇರಿ ಹನ್ನೆರಡು ನಿಮಿಷ. ಬಣ್ಣ ಉಳಿಯಿತು. ಗುರುತೂ ಉಳಿಯಿತು.

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 26, ರಾತ್ರಿ

ಭಾವನ ಕೈ ಚೆನ್ನಾಗಿದೆ ಅಂತ ಹೇಳು. ಈಗ ಎರಡು ಕೆಲಸ ಬಾಕಿ. ಬಿಸಿ ನೀರು ಹಾಕಿ ಬ್ರಷ್‌ನಿಂದ ಫ್ಲಕ್ಸ್ ಪೂರ್ತಿ ತೆಗೆ. ಫ್ಲಕ್ಸ್ ಉಳಿದರೆ ಅದೇ ತುಕ್ಕು ತರಿಸುತ್ತದೆ. ಒಮ್ಮೊಮ್ಮೆ ಸಣ್ಣ ತೂತನ್ನೂ ಅದೇ ಮುಚ್ಚಿಕೊಂಡಿರುತ್ತದೆ, ಆಮೇಲೆ ಕರಗಿ ಸೋರುತ್ತದೆ.

ಪರೀಕ್ಷೆಗೆ ಕಂಪ್ರೆಸರ್ ಗಾಳಿ ಹಾಕಬೇಡ. ಟ್ಯಾಂಕ್ ಉಬ್ಬಿ ಹಾಳಾಗುತ್ತದೆ. ತಳದ ಹೊರಗೆ ಸುಣ್ಣ ತೆಳ್ಳಗೆ ಬಳಿದು ಒಣಗಿಸು. ಒಳಗೆ ಎರಡು ಲೀಟರ್ ಡೀಸೆಲ್ ಹಾಕಿ ಒಂದು ರಾತ್ರಿ ಇಡು. ನಾವು ಸೀಮೆಎಣ್ಣೆಯಲ್ಲಿ ಮಾಡುತ್ತಿದ್ದೆವು, ಈಗ ಅದು ಸಿಗುವುದು ಕಷ್ಟ. ಎಲ್ಲಿ ಸೋರುತ್ತದೋ ಅಲ್ಲಿ ಸುಣ್ಣ ಕಪ್ಪಾಗುತ್ತದೆ.

ನೀರ್ಚಾಲಿನ ಯೆಜ್ಡಿ · ಏಪ್ರಿಲ್ 28, ಬೆಳಿಗ್ಗೆ

ತೇಪೆಯ ಸುತ್ತ ಸುಣ್ಣ ಬೆಳ್ಳಗೇ ಇದೆ. ಆದರೆ ಅದರಿಂದ ಮೂರು ಇಂಚು ದೂರ, ಜೋಡಣೆಯ ಮಡಿಕೆಯಲ್ಲಿ, ಸಾಸಿವೆಯಷ್ಟು ಕಪ್ಪು ಚುಕ್ಕೆ ಬಂದಿದೆ. ತುಂಬಾ ಬೇಜಾರಾಯಿತು.

ಭಾವ ಇವತ್ತು ಸಂಜೆ ಈ ದಾರಿಯಲ್ಲೇ ಹೋಗುತ್ತಾರೆ. ಡೀಸೆಲ್ ಬಗ್ಗಿಸಿ ಒಂದು ಚುಕ್ಕೆ ಹಾಕಿಸಿಬಿಡಲಾ? ಎರಡು ನಿಮಿಷದ ಕೆಲಸ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತುವುದಿಲ್ಲ ಅಲ್ವಾ?

ಪೆರ್ಲದ ಕೆಮಿಸ್ಟ್ರಿ ಟೀಚರ್ · ಏಪ್ರಿಲ್ 28, ಬೆಳಿಗ್ಗೆ

ಬೇಡ, ಬೇಡ. ದಯವಿಟ್ಟು ಬೇಡ. ಡೀಸೆಲ್ ತಣ್ಣಗಿರುವಾಗ ಸುಲಭದಲ್ಲಿ ಹೊತ್ತುವುದಿಲ್ಲ, ನಿಜ. ಆದರೆ ಟಾರ್ಚ್ ತಗಡನ್ನು ಕೆಂಪಾಗಿಸುತ್ತದೆ. ಆ ಬಿಸಿಗೆ ಒಳಗೆ ಅಂಟಿದ ಡೀಸೆಲ್ ಆವಿಯಾಗಿ ಪೆಟ್ರೋಲಿನಷ್ಟೇ ಅಪಾಯ ಆಗುತ್ತದೆ.

ಕುಂಬಳೆಯ ಹಳೆ ವೆಲ್ಡರ್ · ಏಪ್ರಿಲ್ 28, ಬೆಳಿಗ್ಗೆ

ಆ ಬ್ಯಾರೆಲ್ ಹಾರಿದ್ದೂ ಹೀಗೇ ತಮ್ಮಾ, ಎರಡು ನಿಮಿಷದ ಕೆಲಸ ಅಂತ ಹೇಳಿ.

ಮೊದಲಿನಿಂದ ತೊಳೆ. ಸೋಡಾ ನೀರು, ಮೂರು ಸಲ, ಎಣ್ಣೆ ಪದರ ಹೋಗುವವರೆಗೆ. ಸಾಸಿವೆಯಷ್ಟು ತೂತಿಗೆ ಬ್ರೇಜಿಂಗ್ ಬೇಡ, ತವರದ ಬೆಸುಗೆ ಸಾಕು. ಅದು 200 ಡಿಗ್ರಿಯ ಒಳಗೇ ಕರಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಹಾಕಿ ತಿಕ್ಕುವುದನ್ನು ನೋಡಿದ್ದೀಯಲ್ಲ, ಹಾಗೆ ಮೊದಲು ಜಾಗಕ್ಕೆ ತವರ ಹಿಡಿಸಬೇಕು. ತಾಮ್ರದ ದಪ್ಪ ಕಾಯಿಯನ್ನು, ಅಂದರೆ ತವರ ಕರಗಿಸಿ ಹಚ್ಚುವ ತಾಮ್ರದ ಗಟ್ಟಿಯನ್ನು, ದೂರದ ಒಲೆಯಲ್ಲಿ ಕಾಯಿಸಿ ತಂದು ಒತ್ತಿದರೆ ಆಯಿತು. ಟ್ಯಾಂಕಿನ ಹತ್ತಿರ ಉರಿ ತರಲೇಬೇಕಾಗಿಲ್ಲ. ಆದರೂ ತೊಳೆದು, ನೀರು ತುಂಬಿಸಿಯೇ ಮಾಡು. ಕಾದ ತಾಮ್ರಕ್ಕೂ ಆವಿ ಹೊತ್ತಿಸುವಷ್ಟು ಬಿಸಿ ಇರುತ್ತದೆ.

ಮುಳ್ಳೇರಿಯದ ಜೀಪ್ · ಏಪ್ರಿಲ್ 28, ಮಧ್ಯಾಹ್ನ

ನೀವು ಇಷ್ಟು ಶ್ರಮ ಪಡುವುದು ನೋಡಿ ಖುಷಿಯಾಯಿತು. ನನ್ನ ಹತ್ತಿರ ಹಳೆಯ ತಾಮ್ರದ ಕಾಯಿ ಉಂಟು, ಅಜ್ಜನ ಕಾಲದ್ದು. ಶುಕ್ರವಾರ ಬದಿಯಡ್ಕಕ್ಕೆ ಬರುವವನಿದ್ದೇನೆ. ತಂದು ಕೊಡಲಾ?

ನೀರ್ಚಾಲಿನ ಯೆಜ್ಡಿ · ಮೇ 5, ರಾತ್ರಿ

ಮುಳ್ಳೇರಿಯದ ಅಣ್ಣ ತಾಮ್ರದ ಕಾಯಿ ತಂದು ಕೊಟ್ಟರು, ನಿಂತು ಬೆಸುಗೆಯನ್ನೂ ಅವರೇ ಹಾಕಿದರು. ಸುಣ್ಣ ಬಳಿದು ಎರಡು ರಾತ್ರಿ ಇಟ್ಟೆ. ಎಲ್ಲ ಬೆಳ್ಳಗೆ.

ಡೀಸೆಲ್ ತೆಗೆದು, ಸ್ವಲ್ಪ ಪೆಟ್ರೋಲಿಗೆ ಟೂ ಸ್ಟ್ರೋಕ್ ಗಾಡಿಯ ಟೂ ಟಿ ಆಯಿಲ್ ಜಾಸ್ತಿ ಬೆರೆಸಿ ಒಳಗೆಲ್ಲ ತಿರುಗಿಸಿ ಚೆಲ್ಲಿದೆ. ಪೈಪಿನ ನಡುವೆ ಒಂದು ಫಿಲ್ಟರ್ ಹಾಕಿದೆ. ಮೈಲುತುತ್ತಿನ ಚೀಲವನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಹಿಂದಿನ ಚಾವಡಿಗೆ ಸಾಗಿಸಿದೆ.

ಇವತ್ತು ಸಂಜೆ ಏಳನೆಯ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಮ್ಮ ಒಳಗಿನಿಂದ ಓಡಿ ಬಂದರು. ಶಬ್ದ ಕೇಳಿ ಒಂದು ಕ್ಷಣ ಏನೂ ಮಾತಾಡಲಿಲ್ಲ. ನೀರ್ಚಾಲಿನಿಂದ ಬದಿಯಡ್ಕಕ್ಕೆ ಹೋಗಿ ಬಂದೆ. ಟ್ಯಾಂಕಿನ ಅಡಿ ಮುಟ್ಟಿ ನೋಡಿದೆ, ಒಣಗಿತ್ತು.

ಒಂದೇ ಒಂದು ವಿಷಯ. ಪೂರ್ತಿ ತುಂಬಿಸಿ ಬ್ರೇಕ್ ಹಾಕಿದರೆ ಮುಚ್ಚಳದ ಹತ್ತಿರ ಪೆಟ್ರೋಲ್ ತುಳುಕುತ್ತದೆ. ಒಳಗಿನ ಕಾರ್ಕ್ ವಾಷರ್ ಒಣಗಿ ಪುಡಿಯಾಗಿದೆ. ಅದು ಎಲ್ಲಿ ಸಿಗುತ್ತದೆ?

ಕುಂಬಳೆಯ ಹಳೆ ವೆಲ್ಡರ್ · ಮೇ 5, ರಾತ್ರಿ

ಪೆಟ್ರೋಲ್ ತಡೆಯುವ ರಬ್ಬರ್ ಶೀಟ್ ನನ್ನ ಹತ್ತಿರ ಉಂಟು. ಮುಚ್ಚಳ ತೆಗೆದುಕೊಂಡು ಬಾ, ಅಳತೆಗೆ ಕತ್ತರಿಸಿ ಕೊಡುತ್ತೇನೆ. ಗಾಡಿಯಲ್ಲೇ ಬಾ. ಅರ್ಧ ಟ್ಯಾಂಕ್ ಮಾತ್ರ ಹಾಕಿಕೋ.